ಟವೆಲ್ಲಿನ ಮರೆಯ ವ್ಯಾಪಾರ: ದಲ್ಲಾಳಿಗಳ ಒಂದು ಹಳೆಯ ಕಥೆ



ಕೆಲವು ತಿಂಗಳ ಹಿಂದೆ ಒಂದು ಭಾನುವಾರ ಬೆಳಿಗ್ಗೆ ಅಮೆರಿಕದ ಸಿಯಾಟಲ್ ನಗರದಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಕರೆ ಮಾಡಿದ್ದ. 1990ರ ದಶಕದಲ್ಲಿ ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತಿರುತ್ತಿದ್ದ ಹುಡುಗ. ಈಗ ಅವನ ಮಕ್ಕಳೇ ಪ್ರೌಢಶಾಲೆಯಲ್ಲಿ ಓದುತ್ತಿದ್ದಾರೆ. ಕುಶಲ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಸ್ವಲ್ಪ ಸಂಕೋಚದಿಂದಲೇ, "ಸಾರ್, ನಾನೊಂದು ಹಳೇ ಹಾಯಿದೋಣಿ ತಗೋಬೇಕು ಅಂತಿದೀನಿ. ಒಬ್ಬ ದಲ್ಲಾಳಿ ತೋರಿಸಿದಾನೆ. ತುಂಬ ಒಳ್ಳೆಯವನ ಹಾಗೆ ಕಾಣ್ತಾನೆ. ಇನ್ನೊಬ್ಬರು ಕೇಳ್ತಿದಾರೆ, ಪರೀಕ್ಷೆ ಗಿರೀಕ್ಷೆ ಅಂತ ತಡ ಮಾಡ್ಬೇಡಿ ಅಂತಿದಾನೆ. ಏನ್ ಮಾಡ್ಲಿ?" ಎಂದು ಕೇಳಿದ.

ನನಗೆ ನಗು ಬಂದಿತು. ಅಂತರಘಟ್ಟೆ ಸೀಮೆಯಲ್ಲಿ ಹುಟ್ಟಿ ಬೆಳೆದ ನನಗೂ ಹಾಯಿದೋಣಿಗೂ ಏನು ಸಂಬಂಧ? ಹರಿಗೋಲಿನಲ್ಲಿ ಒಮ್ಮೆ ತುಂಗಭದ್ರೆಯನ್ನು ದಾಟಿದ್ದು ಬಿಟ್ಟರೆ ನಾನು ನೀರಿನ ಮೇಲೆ ಕುಳಿತವನೇ ಅಲ್ಲ. ಆದರೆ ಅವನು ಹೇಳಿದ ಮಾತುಗಳನ್ನು, ಅದರಲ್ಲಿಯೂ "ಇನ್ನೊಬ್ಬರು ಕೇಳುತ್ತಿದ್ದಾರೆ" ಎಂಬ ಮಾತನ್ನು, ನಾನು ಹನ್ನೆರಡು ಹದಿಮೂರು ವರ್ಷದವನಾಗಿದ್ದಾಗಲೇ ಕೇಳಿದ್ದೆ. ಅದು ದೋಣಿಯ ವಿಷಯದಲ್ಲಿ ಅಲ್ಲ, ಎತ್ತಿನ ವಿಷಯದಲ್ಲಿ. ಇನ್ನೊಬ್ಬರು ಬಳಸಿದ, ನಮಗೆ ಪೂರ್ತಿ ಗೊತ್ತಿಲ್ಲದ, ನಮ್ಮ ಜೀವನವೇ ಅದರ ಮೇಲೆ ನಿಂತಿರುವ ವಸ್ತುವನ್ನು ಮೂರನೆಯವನೊಬ್ಬನ ಮಾತು ನಂಬಿ ಕೊಳ್ಳುವುದು ಎಂದರೆ ದೋಣಿಯಾದರೇನು, ಎತ್ತಾದರೇನು? ಅವನಿಗೆ ಅಂದು ಹೇಳಿದ್ದನ್ನೂ, ಹೇಳದೆ ಬಿಟ್ಟದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಸೀಮೆಗೂ ಎತ್ತಿಗೂ ಇರುವ ನಂಟನ್ನು ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ. ಅಂತರಘಟ್ಟೆಯ ದುರ್ಗಾಂಬಾ ದೇವಿಯ ಜಾತ್ರೆಗೆ ಸುತ್ತಲಿನ ಹಳ್ಳಿಗಳಿಂದ ಪಾನಕದ ಗಾಡಿಗಳು ಧೂಳೆಬ್ಬಿಸಿಕೊಂಡು ಓಡಿ ಬರುವುದನ್ನು ನೀವೆಲ್ಲ ನೋಡಿದ್ದೀರಿ. ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಈ ತಳಿಯ ಚರಿತ್ರೆ ಮೈಸೂರು ಸಂಸ್ಥಾನದ ಚರಿತ್ರೆಯೊಡನೆ ಹೆಣೆದುಕೊಂಡಿದೆ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಅರಮನೆಯ ಹಾಲು ಬೆಣ್ಣೆಗಾಗಿ ನಡೆಸಿದ ಇಲಾಖೆಗೆ 'ಬೆಣ್ಣೆ ಚಾವಡಿ' ಎಂದು ಹೆಸರು. ಹೈದರಾಲಿಯು ಇದೇ ಹಿಂಡಿನ ಎತ್ತುಗಳಿಂದ ಫಿರಂಗಿಗಳನ್ನೆಳೆಸಿದ. ಚಿದಂಬರದ ನೆರವಿಗೆ ಧಾವಿಸಿದಾಗ ಅವನ ಸೈನ್ಯ ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆಯಿತೆಂದು ಹಳೆಯ ಗ್ಯಾಸೆಟಿಯರುಗಳು ದಾಖಲಿಸಿವೆ. ಟಿಪ್ಪು ಸುಲ್ತಾನನು ಆ ಇಲಾಖೆಗೆ 'ಅಮೃತಮಹಲ್' ಎಂದು ಹೆಸರಿಟ್ಟ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡಿನ ಆಡಳಿತ ಕೈಯಿಂದ ಕೈಗೆ ಹೋಯಿತು. 1860ರಲ್ಲಿ ಮದರಾಸು ಸರ್ಕಾರವು ಖರ್ಚು ಉಳಿಸುವ ಹೆಸರಿನಲ್ಲಿ ಇಡೀ ಹಿಂಡನ್ನೇ ಮಾರಿಬಿಟ್ಟಿತು. ಮಾರಿದ ಮೇಲೆ ಸೈನ್ಯಕ್ಕೆ ಅಂಥ ಎತ್ತುಗಳೇ ದೊರೆಯದೆ, ಅದೇ ದಶಕದಲ್ಲಿ ರೈತರ ಕೊಟ್ಟಿಗೆಗಳಲ್ಲಿ ಉಳಿದಿದ್ದ ದನಗಳನ್ನು ಹುಡುಕಿ ಹಿಂಡು ಕಟ್ಟಬೇಕಾಯಿತು. 1881ರಲ್ಲಿ ರಾಜ್ಯವು ಒಡೆಯರಿಗೆ ಮರಳಿದ ನಂತರ ಅದು ಮೈಸೂರು ಸರ್ಕಾರದ ವಶಕ್ಕೆ ಬಂದಿತು.

ಈ ಸರ್ಕಾರಿ ಹಿಂಡಿನ ಹೋರಿಗರುಗಳನ್ನು ಮಾರುವುದು ಬಹಿರಂಗ ಹರಾಜಿನಲ್ಲಿ. ಕರು ಎಲ್ಲರ ಕಣ್ಣೆದುರು ನಿಂತಿರುತ್ತದೆ. ಕೂಗಿದ ಬೆಲೆ ಎಲ್ಲರ ಕಿವಿಗೂ ಬೀಳುತ್ತದೆ. ಆದರೆ ಜಾತ್ರೆಯ ವ್ಯಾಪಾರ ಹಾಗಲ್ಲ. ಅಲ್ಲಿ ರಾಸು ಬಹಿರಂಗ, ಬೆಲೆ ಗುಪ್ತ. ಘಾಟಿ ಸುಬ್ರಹ್ಮಣ್ಯ, ತುಮಕೂರಿನ ಸಿದ್ಧಗಂಗೆ, ಚುಂಚನಕಟ್ಟೆ, ಕುರುವತ್ತಿ ಮೊದಲಾದ ದೊಡ್ಡ ದನಗಳ ಜಾತ್ರೆಗಳಿಗೆ ಹೋದವರು ಈ ನೋಟವನ್ನು ಕಂಡೇ ಇರುತ್ತೀರಿ. ಇಬ್ಬರು ಎದುರುಬದುರಾಗಿ ನಿಂತಿರುತ್ತಾರೆ. ಕೈಗಳ ಮೇಲೆ ಒಂದು ಟವೆಲ್ಲು ಹೊದಿಸಿರುತ್ತದೆ. ಬಾಯಲ್ಲಿ ಮಾತಿಲ್ಲ. ಒಬ್ಬ ತಲೆಯಾಡಿಸುತ್ತಾನೆ, ಇನ್ನೊಬ್ಬ ಕೈ ಕೊಡವಿಕೊಂಡು ಹೊರಡುವಂತೆ ಮಾಡಿ ಮತ್ತೆ ಬರುತ್ತಾನೆ. ಟವೆಲ್ಲಿನ ಕೆಳಗೆ ಬೆರಳುಗಳು ಮಾತನಾಡುತ್ತಿರುತ್ತವೆ.

ಈ ಬೆರಳ ಭಾಷೆ ಎಷ್ಟು ಹಳೆಯದು ಎಂದು ಹುಡುಕುತ್ತ ಹೋದಾಗ ನನಗೇ ಆಶ್ಚರ್ಯವಾಯಿತು. ಸುಮಾರು 1505ರ ಹೊತ್ತಿಗೆ ಕಲ್ಲಿಕೋಟೆಯಲ್ಲಿದ್ದ ಇಟಲಿಯ ಪ್ರವಾಸಿ ಲುಡೊವಿಕೊ ದಿ ವರ್ತೇಮಾ ಎಂಬಾತ, ಅಲ್ಲಿಯ ವರ್ತಕರು ಯಾವುದೇ ಸರಕನ್ನು ದಲ್ಲಾಳಿಯ ಮೂಲಕವೇ ಮಾರುತ್ತಾರೆಂದೂ, ಬಟ್ಟೆಯ ಮರೆಯಲ್ಲಿ ಬೆರಳ ಗೆಣ್ಣುಗಳನ್ನು ಮುಟ್ಟಿ ಬೆಲೆ ಹೇಳುತ್ತಾರೆಂದೂ ಬರೆದಿದ್ದಾನೆ. ಅವನ ಪುಸ್ತಕ 1510ರಲ್ಲಿ ರೋಮಿನಲ್ಲಿ ಅಚ್ಚಾಯಿತು. ಹದಿನೇಳನೆಯ ಶತಮಾನದಲ್ಲಿ ಗೋಲ್ಕೊಂಡದ ವಜ್ರದ ಗಣಿಗಳಿಗೆ ಬಂದಿದ್ದ ಫ್ರಾನ್ಸಿನ ರತ್ನವರ್ತಕ ಟಾವರ್ನಿಯೆಯು ಲೆಕ್ಕವನ್ನೇ ಬಿಡಿಸಿ ಕೊಟ್ಟಿದ್ದಾನೆ. ಇಡೀ ಕೈ ಹಿಡಿದರೆ ಸಾವಿರ, ಐದು ಬೆರಳು ಹಿಡಿದರೆ ಐನೂರು, ಒಂದು ಬೆರಳಿಗೆ ನೂರು, ಅರ್ಧ ಬೆರಳಿಗೆ ಐವತ್ತು, ತುದಿಗೆ ಹತ್ತು. ಸುತ್ತಲೂ ಜನ ಕುಳಿತಿದ್ದರೂ ಒಬ್ಬರಿಗೂ ಬೆಲೆ ತಿಳಿಯುವುದಿಲ್ಲವೆಂದು ಅವನಿಗೆ ಬೆರಗು. ನಮ್ಮ ಜಾತ್ರೆಯಲ್ಲಿ ನಾನು ಕಂಡ ಲೆಕ್ಕಕ್ಕೂ ಇದಕ್ಕೂ ಹೆಚ್ಚಿನ ಭೇದವಿಲ್ಲ.

'ದಲ್ಲಾಳಿ' ಎಂಬ ಪದ ಅರಬ್ಬೀ ಭಾಷೆಯ 'ದಲ್ಲಾಲ್' ಎಂಬುದರಿಂದ ಬಂದದ್ದು. ದಾರಿ ತೋರಿಸುವವನು ಎಂಬುದು ಅದರ ಮೂಲಾರ್ಥ. ಕಡಲ ವ್ಯಾಪಾರದೊಡನೆ, ಕುದುರೆಗಳೊಡನೆ ಈ ಪದ ನಮ್ಮ ದೇಶಕ್ಕೆ ಬಂದಿರುವುದು ಸಹಜ. ಹೊನ್ನಾವರ, ಭಟ್ಕಳದ ಬಂದರುಗಳಲ್ಲಿ ಇಳಿಯುತ್ತಿದ್ದ ಅರಬ್ಬೀ ಕುದುರೆಗಳು ವಿಜಯನಗರಕ್ಕೆ ಎಷ್ಟು ಅಗತ್ಯವಾಗಿದ್ದವೆಂದರೆ, ಸಾಳುವ ನರಸಿಂಹನು ಹಡಗಿನಲ್ಲಿ ಸತ್ತ ಕುದುರೆಗೂ ಬೆಲೆ ಕೊಡುತ್ತಿದ್ದನಂತೆ. ಬಾಲವನ್ನು ತಂದು ತೋರಿಸಿದರೆ ಸಾಕು. ಇದನ್ನು ಬರೆದವನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್. ಈ ಕಥೆಯನ್ನು ಒಂಬತ್ತನೆಯ ತರಗತಿಯಲ್ಲಿ ಹೇಳಿದಾಗಲೆಲ್ಲ ಹುಡುಗರು ನಗುತ್ತಿದ್ದರು. ಆದರೆ ಅದರೊಳಗೆ ಒಂದು ಪಾಠವಿದೆ. ದಾರಿಯಲ್ಲಿ ನಷ್ಟವಾದರೆ ಅದನ್ನು ಯಾರು ಹೊರಬೇಕು ಎಂಬುದನ್ನು ಮೊದಲೇ ಹೇಳಿಕೊಂಡ ವ್ಯಾಪಾರ ಅದು. ಕೊಳ್ಳುವವನು ರಾಜನಾದ್ದರಿಂದ ಹೊತ್ತುಕೊಂಡ. ನಮ್ಮಂಥವರು ಹೊರಲಾರೆವು.

ಈಗ ನನ್ನ ತಂದೆಯವರ ವಿಷಯಕ್ಕೆ ಬರುತ್ತೇನೆ.

1972ರ ಮಳೆಗಾಲ ಕೈಕೊಟ್ಟ ಮೇಲೆ ನಮ್ಮ ಮನೆಯ ಜೋಡಿಯಲ್ಲಿ ಒಂದು ಎತ್ತು ರೋಗ ಬಂದು ಸತ್ತಿತು. ಒಂಟಿ ಎತ್ತು ಕೊಟ್ಟಿಗೆಯಲ್ಲಿದ್ದರೆ ಎತ್ತೇ ಇಲ್ಲದಂತೆ. ಮರುವರ್ಷದ ಮುಂಗಾರಿಗೆ ಮೊದಲು ಅದಕ್ಕೆ ಸರಿಜೋಡಿ ತರಲೇಬೇಕಾಗಿತ್ತು. ಕೈಯಲ್ಲಿ ಇದ್ದದ್ದು ಐನೂರ ಎಪ್ಪತ್ತು ರೂಪಾಯಿ. ಅವ್ವ ತನ್ನ ಕಿವಿಯ ಓಲೆಗಳನ್ನು ಬಿಚ್ಚಿಕೊಟ್ಟಳು. ಅವುಗಳ ಮೇಲೆ ಸಾಹುಕಾರರ ಅಂಗಡಿಯಲ್ಲಿ ನೂರು ರೂಪಾಯಿ ಸಾಲ ಸಿಕ್ಕಿತು. ಒಟ್ಟು ಆರುನೂರ ಎಪ್ಪತ್ತು. ಅಪ್ಪ ಆ ಹಣವನ್ನು ಒಳಜೇಬಿಗೆ ಹಾಕಿ ಪಿನ್ನು ಚುಚ್ಚಿಕೊಂಡು, ನನ್ನನ್ನೂ ಜೊತೆಗೆ ಕರೆದುಕೊಂಡು ದನಗಳ ಜಾತ್ರೆಗೆ ಹೊರಟರು. ಆಗ ನಾನು ಏಳನೆಯ ತರಗತಿಯಲ್ಲಿದ್ದೆ. ಯಾವ ಜಾತ್ರೆ, ಯಾವ ದಲ್ಲಾಳಿ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಆ ಮನುಷ್ಯ ಈಗಿಲ್ಲ. ಅವರ ಮಕ್ಕಳು ಮೊಮ್ಮಕ್ಕಳು ಮರ್ಯಾದೆಯಿಂದ ಬದುಕುತ್ತಿದ್ದಾರೆ.

ಜಾತ್ರೆಯಲ್ಲಿ ಅಪ್ಪನ ಕಣ್ಣಿಗೆ ಮೊದಲು ಬಿದ್ದದ್ದು ಒಂದು ಬಿಳಿಯ ಎತ್ತು. ಕೊಂಬು ಹೆರೆದು ಎಣ್ಣೆ ಸವರಿದ್ದರು. ಕೊರಳಿಗೆ ಗೆಜ್ಜೆ, ಹಣೆಗೆ ಗೊಂಡೆ. ಅಪ್ಪ ಅಲ್ಲೇ ನಿಂತುಬಿಟ್ಟರು. ಅಷ್ಟರಲ್ಲಿ ಪಕ್ಕಕ್ಕೆ ಬಂದ ದಲ್ಲಾಳಿ ಮೆಲ್ಲನೆ ಅಪ್ಪನ ತೋಳು ಹಿಡಿದು ಈಚೆಗೆ ಕರೆತಂದು, "ಗೌಡ್ರೇ, ಅದರ ಹೆಗಲು ನೋಡ್ರಿ. ಹುಣ್ಣಿನ ಮೇಲೆ ಎಣ್ಣೆಮಸಿ ಬಳ್ದವ್ರೆ. ಎರಡು ಸಾಲು ಹೊಡೆಯೋ ಹೊತ್ಗೆ ಮಲಗ್ತದೆ" ಎಂದರು. ಅಪ್ಪ ಹೋಗಿ ಬೆರಳಿನಿಂದ ಒತ್ತಿ ನೋಡಿದರು. ಎತ್ತು ಬೆಚ್ಚಿ ಹಿಂದೆ ಸರಿಯಿತು. ಬೆರಳಿಗೆ ಮಸಿ ಹತ್ತಿತ್ತು.

ಆಮೇಲೆ ಆ ಮನುಷ್ಯ ಇಡೀ ಮಧ್ಯಾಹ್ನ ನಮ್ಮೊಡನೆ ಅಲೆದರು. ರಾಸಿನ ಬಾಯಿ ಬಿಡಿಸಿ ಹಲ್ಲು ನೋಡುವುದನ್ನು ನಾನು ಕಲಿತದ್ದು ಅಂದೇ. ದನಕ್ಕೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ, ಕೆಳಗೆ ಎಂಟು. ಹಾಲುಹಲ್ಲು ಬಿದ್ದು ಎರಡು ಹೊಸ ಹಲ್ಲು ಬರುವುದು ಎರಡು ಎರಡೂವರೆ ವರ್ಷಕ್ಕೆ. ಅನಂತರ ನಾಲ್ಕು ಹಲ್ಲು, ಆರು ಹಲ್ಲು. ಸುಮಾರು ಐದು ವರ್ಷಕ್ಕೆ ಎಂಟೂ ಬಂದು ಬಾಯಿಗೂಡುತ್ತದೆ. ಅದರಿಂದಾಚೆಗೆ ಹಲ್ಲಿನ ಸವೆತ ನೋಡಿಯೇ ವಯಸ್ಸು ಹೇಳಬೇಕು. ಗೊರಸನ್ನು ಬಡಿದು ನೋಡಿದರು, ಇಳಿಜಾರಿನಲ್ಲಿ ನಡೆಸಿದರು, ಗಾಲಿಗೆ ಕೋಲು ಸಿಕ್ಕಿಸಿ ಬಂಡಿ ಎಳೆಸಿದರು. ಅಪ್ಪ ಮೆಚ್ಚಿದ ಇನ್ನೊಂದು ಎತ್ತನ್ನೂ ಬೇಡವೆಂದರು. ಕೊನೆಗೆ ಸಂಜೆಯ ಹೊತ್ತಿಗೆ ಒಂದು ಮಾಸಲು ಬಣ್ಣದ, ನೋಡಲು ಏನೂ ಅಲ್ಲದ, ಆರು ಹಲ್ಲಿನ ಎತ್ತಿನ ಮುಂದೆ ನಿಲ್ಲಿಸಿ, "ಇದು ನಿಮ್ಮನೆ ಎತ್ತು" ಎಂದರು.

ಅಪ್ಪ ಸ್ವಲ್ಪ ಯೋಚಿಸಿದರು. "ಇನ್ನೊಬ್ರು ಕೇಳ್ತಾವ್ರೆ, ತಡ ಮಾಡ್ಬೇಡ್ರಿ" ಎಂದರು ದಲ್ಲಾಳಿ. ಟವೆಲ್ಲು ಹೊದಿಸಿ ಅಪ್ಪನ ಕೈ ಹಿಡಿದರು. ಆಮೇಲೆ ಮಾರುವವರ ಬಳಿಗೆ ಹೋಗಿ ಅವರ ಕೈ ಹಿಡಿದರು. ಹೀಗೆ ನಾಲ್ಕು ಸಲ ಓಡಾಡಿದ ಮೇಲೆ ಆರೂವರೆ ಬೆರಳಿಗೆ, ಎಂದರೆ ಆರುನೂರ ಐವತ್ತಕ್ಕೆ, ವ್ಯಾಪಾರ ಕುದುರಿತು. ಅಪ್ಪ ದಲ್ಲಾಳಿಯ ಕೈಗೆ ಹಣ ಎಣಿಸಿ ಕೊಟ್ಟರು. ದಲ್ಲಾಳಿ ಕೂಲಿಯೆಂದು ಎರಡೂ ಕಡೆಯಿಂದ ಹತ್ತು ಹತ್ತು ರೂಪಾಯಿ. ಹಗ್ಗ ಬದಲಾಯಿತು.

ಹೊರಡುವ ಮೊದಲು ಎತ್ತಿಗೆ ನೀರು ಕುಡಿಸಲು ನಾನು ಕೆರೆಗೆ ಹೋದೆ. ಮಾರಿದವರ ಮಗ, ಹೆಚ್ಚುಕಡಿಮೆ ನನ್ನದೇ ವಯಸ್ಸಿನವನು, ಎತ್ತನ್ನು ಕೊನೆಯ ಸಲ ನೋಡಲು ಅಲ್ಲಿಗೂ ಬಂದಿದ್ದ. ಅದರ ಕೊರಳನ್ನು ತಬ್ಬಿಕೊಂಡು ಅಳುತ್ತಿದ್ದ. ಏನಾದರೂ ಮಾತನಾಡಬೇಕೆಂದು ನಾನು, "ನಿಮಗೆ ಹೊಸ ಎತ್ತು ತರ್ತಾರೇನೋ" ಎಂದೆ. "ಐನೂರ ಅರವತ್ತಕ್ಕೆ ಎಲ್ಲಿ ಬರ್ತದೆ ಹೊಸ ಎತ್ತು? ಅಕ್ಕನ ಮದ್ವೆ ಸಾಲ ತೀರಿಸ್ತಾರೆ" ಎಂದ. ನಾನು ಅದನ್ನು ಎರಡು ಸಲ ಕೇಳಿದೆ. ಐನೂರ ಅರವತ್ತೇ.

ನಾನು ಒಡನೆ ಓಡಿಹೋಗಿ ಅಪ್ಪನಿಗೆ ಹೇಳಲಿಲ್ಲ. ಹೆದರಿಕೆಯೋ, ಆ ಹುಡುಗನ ಅಳುವನ್ನು ನೋಡಿದ ಮಂಕೋ, ಇಂದಿಗೂ ನನಗೆ ತಿಳಿಯದು. ಊರಿನ ದಾರಿಯಲ್ಲಿ ಅರ್ಧ ದೂರ ಬಂದಮೇಲೆ, ಕತ್ತಲಾಗುತ್ತಿದ್ದಾಗ ಹೇಳಿದೆ. ಅಪ್ಪ ನಿಂತರು. ಹಗ್ಗವನ್ನು ನನ್ನ ಕೈಗೆ ಕೊಟ್ಟು ದಾರಿಯ ಬದಿಯ ಕಲ್ಲಿನ ಮೇಲೆ ಕುಳಿತರು. ತೊಂಬತ್ತು ರೂಪಾಯಿ. ಅವ್ವನ ಓಲೆಯ ಮೇಲೆ ತಂದ ಸಾಲಕ್ಕೆ ಹತ್ತೇ ರೂಪಾಯಿ ಕಡಿಮೆ. ಹಿಂತಿರುಗಿ ಹೋಗಿ ಜಗಳ ತೆಗೆಯುತ್ತಾರೆಂದು ನಾನು ಕಾದೆ. ಬಹಳ ಹೊತ್ತಿನ ಮೇಲೆ ಅವರು ಹೇಳಿದ್ದು ಇಷ್ಟು: "ಆ ಬಿಳೀ ಎತ್ತು ತಂದಿದ್ರೆ ಅಷ್ಟೂ ದುಡ್ಡು ಹೋಗ್ತಿತ್ತು ಮಗ. ಅವನು ಕಣ್ಣಿನ ಕೂಲಿ ತಗಂಡ. ಬಾಯಿಬಿಟ್ಟು ಕೇಳಿದ್ರೆ ನಾನೇ ಕೊಡ್ತಿದ್ದೆ. ಕೇಳದೆ ತಗಂಡನಲ್ಲ, ಅದು ಸಂಕಟ."

ಎತ್ತು ಒಳ್ಳೆಯದೇ ಆಗಿತ್ತು. ಹನ್ನೊಂದು ವರ್ಷ ನಮ್ಮ ಹೊಲ ಉತ್ತಿತು. ನಾನು ಕಾಲೇಜಿಗೆ ಹೋದದ್ದು, ಬಿ.ಎಡ್. ಮುಗಿಸಿದ್ದು ಅದರ ಹೆಗಲಿನ ಮೇಲೆಯೇ. ಆದರೆ ಓಲೆ ಮಾತ್ರ ಬಿಡಿಸಿಕೊಳ್ಳಲು ಆಗಲಿಲ್ಲ. ಬಡ್ಡಿ ಬೆಳೆದು ಸಾಹುಕಾರರ ಪಾಲಾಯಿತು. ನನ್ನ ಅಕ್ಕನ ಮದುವೆಯ ದಿನ ಅವ್ವ ಕಿವಿಯಲ್ಲಿ ಬೇವಿನ ಕಡ್ಡಿ ಇಟ್ಟುಕೊಂಡು ಓಡಾಡುತ್ತಿದ್ದುದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಆದುದರಿಂದಲೇ ಆ ದಲ್ಲಾಳಿಯನ್ನು ಒಳ್ಳೆಯವರೆನ್ನಲೂ ಕೆಟ್ಟವರೆನ್ನಲೂ ನನಗೆ ನಾಲಗೆ ಬರುವುದಿಲ್ಲ. ನಮ್ಮನ್ನು ಉಳಿಸಿದವರೂ ಅವರೇ, ಕಳೆದವರೂ ಅವರೇ.

ಮುಂದೆ ಪಾಠ ಮಾಡುವ ಕಾಲಕ್ಕೆ ಈ ಪ್ರಶ್ನೆ ನನ್ನನ್ನು ಬಹಳ ಓದಿಸಿತು. ಇಂಥ ವ್ಯಾಪಾರಕ್ಕೆ ನಮ್ಮ ಹಿರಿಯರು ಏನಾದರೂ ಕಟ್ಟಳೆ ಮಾಡಿದ್ದರೇ? ಮಾಡಿದ್ದರು. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಕೊಂಡ ವಸ್ತುವನ್ನು ಪರೀಕ್ಷಿಸಿ ನೋಡಲು ದಿನಗಳನ್ನು ಗೊತ್ತುಮಾಡಿದೆ: ಬೀಜಕ್ಕೆ ಹತ್ತು ದಿನ, ಕಬ್ಬಿಣಕ್ಕೆ ಒಂದು ದಿನ, ಹೊರುವ ಎಳೆಯುವ ಪ್ರಾಣಿಗೆ ಐದು ದಿನ, ರತ್ನಕ್ಕೆ ಏಳು ದಿನ, ಕರೆಯುವ ಹಸುವಿಗೆ ಮೂರು ದಿನ. ಈ ಸ್ಮೃತಿಗೆ 'ಮಿತಾಕ್ಷರಾ' ಎಂಬ ಪ್ರಖ್ಯಾತ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರರು ನಮ್ಮ ನಾಡಿನವರೇ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದವರು. ಅವನು 1076ರಿಂದ 1126ರವರೆಗೆ ಆಳಿದವನು. ಎಂದರೆ ಸುಮಾರು ಒಂಬೈನೂರು ವರ್ಷಗಳ ಹಿಂದೆ, ಈಗಿನ ಬಸವಕಲ್ಯಾಣದಲ್ಲಿ ಕುಳಿತು, ಕೊಂಡ ಎತ್ತನ್ನು ಎಷ್ಟು ದಿನ ಕಟ್ಟಿ ನೋಡಬಹುದು ಎಂದು ಒಬ್ಬ ಪಂಡಿತರು ವಿವರಿಸಿದ್ದರು! ಪ್ರಾಚೀನ ರೋಮಿನಲ್ಲಿಯೂ ಸಂತೆಯ ಅಧಿಕಾರಿಗಳು, ಗುಲಾಮರನ್ನೂ ದುಡಿಯುವ ಪ್ರಾಣಿಗಳನ್ನೂ ಮಾರುವವರು ಅವುಗಳ ರೋಗ ಮತ್ತು ದೋಷಗಳನ್ನು ಮೊದಲೇ ಹೇಳತಕ್ಕದ್ದೆಂದು ಶಾಸನ ಮಾಡಿದ್ದರು. ಮನುಷ್ಯರನ್ನು ದನಗಳ ಸಾಲಿಗೆ ಸೇರಿಸಿದ ಆ ಕಾಲದ ಕ್ರೌರ್ಯವನ್ನೂ ಇಲ್ಲಿ ನೆನೆಯದೆ ಇರಲಾಗದು.

ಇದೇ ಸ್ಮೃತಿಯಲ್ಲಿ 'ಸತ್ಯಂಕಾರ' ಎಂಬ ಪದವಿದೆ. ವ್ಯಾಪಾರವನ್ನು ಸತ್ಯ ಮಾಡುವುದಕ್ಕಾಗಿ, ಎಂದರೆ ಖಚಿತಪಡಿಸುವುದಕ್ಕಾಗಿ ಮುಂಗಡವಾಗಿ ಕೊಡುವ ಹಣ. ಅದನ್ನು ಪಡೆದು ಮಾತು ತಪ್ಪಿದವನು ಎರಡರಷ್ಟು ಹಿಂದಿರುಗಿಸಬೇಕೆಂದು ವಿಧಿ. ನಮ್ಮ ಕನ್ನಡದ 'ಸಂಚಕಾರ' ಅದರ ತದ್ಭವವೇ. ಇಂದು ವೃತ್ತಪತ್ರಿಕೆಗಳಲ್ಲಿ 'ಪ್ರಾಣಕ್ಕೆ ಸಂಚಕಾರ' ಎಂದು ಓದುವ ನೀವು ಅದನ್ನು ಅಪಾಯ ಎಂದಷ್ಟೇ ತಿಳಿದಿರುತ್ತೀರಿ. ಮುಂಗಡ ಕೊಟ್ಟವನ ಹಣ ಅಪಾಯಕ್ಕೆ ಸಿಕ್ಕಿಕೊಳ್ಳುವುದು ಎಷ್ಟು ಸಾಮಾನ್ಯವಾಗಿತ್ತೋ ಏನೋ, ಸತ್ಯದಿಂದ ಹುಟ್ಟಿದ ಪದ ಅಪಾಯದಲ್ಲಿ ಬಂದು ನಿಂತಿದೆ.

ಇನ್ನು ಬ್ರಿಟಿಷರು ಮಾಡಿದ ಕಾನೂನುಗಳು. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ, ಒಬ್ಬರ ಪರವಾಗಿ ವ್ಯವಹರಿಸುವ ಏಜೆಂಟನು ಅವರಿಗೆ ತಿಳಿಸದೆ ಅದೇ ವ್ಯವಹಾರದಲ್ಲಿ ತನಗಾಗಿ ವ್ಯಾಪಾರ ಮಾಡಿಕೊಂಡರೆ, ಆ ಲಾಭವನ್ನು ಕೇಳುವ ಹಕ್ಕು ಅವರಿಗಿದೆ. ಅಪ್ಪ ಕಲ್ಲಿನ ಮೇಲೆ ಕುಳಿತು ಹೇಳಿದ ಮಾತು ಹೆಚ್ಚುಕಡಿಮೆ ಇದೇ. ಆದರೆ 1930ರ ಸರಕು ಮಾರಾಟ ಕಾಯ್ದೆ, ಕೆಲವು ಸಂದರ್ಭಗಳನ್ನು ಬಿಟ್ಟರೆ, ವಸ್ತುವಿನ ಗುಣಕ್ಕೆ ಮಾರುವವನು ತಾನಾಗಿಯೇ ಹೊಣೆಯಾಗುವುದಿಲ್ಲ, ಕೊಳ್ಳುವವನೇ ನೋಡಿ ಕೊಳ್ಳಬೇಕು ಎಂಬ ಇಂಗ್ಲಿಷ್ ನ್ಯಾಯವನ್ನು ಹಿಡಿದಿದೆ. ಹೀಗಾಗಿಯೇ ಕೊಳ್ಳುವವನಿಗೆ ಕಣ್ಣುಳ್ಳ ಮೂರನೆಯವನೊಬ್ಬ ಬೇಕು.

ಅರ್ಥಶಾಸ್ತ್ರಜ್ಞರು ಈ ವಿಷಯಕ್ಕೆ ಬಂದದ್ದು ಬಹಳ ತಡವಾಗಿ. 1970ರಲ್ಲಿ ಜಾರ್ಜ್ ಅಕರ್ಲಾಫ್ ಎಂಬ ಅಮೆರಿಕದ ವಿದ್ವಾಂಸರು ಹಳೆಯ ಮೋಟಾರು ಕಾರುಗಳ ಪೇಟೆಯ ಮೇಲೆ ಒಂದು ಲೇಖನ ಬರೆದರು. ಮಾರುವವನಿಗೆ ವಸ್ತುವಿನ ದೋಷ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ಹೆದರಿ ಎಲ್ಲದಕ್ಕೂ ಕಡಿಮೆ ಬೆಲೆ ಕೇಳುತ್ತಾನೆ. ಒಳ್ಳೆಯ ವಸ್ತುವುಳ್ಳವನು ಆ ಬೆಲೆಗೆ ಮಾರಲೊಪ್ಪದೆ ಪೇಟೆಯನ್ನೇ ಬಿಡುತ್ತಾನೆ. ಕೊನೆಗೆ ಕೆಟ್ಟವೇ ಉಳಿಯುತ್ತವೆ. ಈ ವಿಚಾರಕ್ಕಾಗಿ 2001ರಲ್ಲಿ ಅವರಿಗೆ ಇನ್ನಿಬ್ಬರೊಡನೆ ನೊಬೆಲ್ ಪಾರಿತೋಷಕ ಬಂದಿತು. ನಮ್ಮ ಜಾತ್ರೆಗಳು ನೂರಾರು ವರ್ಷ ನಡೆದುಕೊಂಡು ಬಂದದ್ದು, ಬಿಳಿಯ ಎತ್ತಿನ ಹೆಗಲ ಮಸಿಯನ್ನು ತೋರಿಸಿಕೊಡುವ ದಲ್ಲಾಳಿ ಅಲ್ಲಿದ್ದುದರಿಂದಲೇ ಎಂದು ನನಗನ್ನಿಸುತ್ತದೆ.

ಹಾಗಾದರೆ ತಪ್ಪು ಎಲ್ಲಿತ್ತು? ಟವೆಲ್ಲಿನಲ್ಲಿ ಎಂದು ಮೊದಲು ನಾನೂ ತಿಳಿದಿದ್ದೆ. ಈಗ ಹಾಗೆ ತೋರುವುದಿಲ್ಲ. ಟವೆಲ್ಲು ಇಬ್ಬರ ಮರ್ಯಾದೆಯನ್ನೂ ಕಾಯುತ್ತದೆ. ವ್ಯಾಪಾರ ಮುರಿದರೂ ಮಾರುವವನ ಎತ್ತು ಇಷ್ಟಕ್ಕೇ ಹೋಗುವಂಥದ್ದು ಎಂದು ಜಾತ್ರೆಗೆಲ್ಲ ತಿಳಿಯುವುದಿಲ್ಲ. ಕೊಳ್ಳುವವನ ಜೇಬಿನಲ್ಲಿ ಎಷ್ಟಿದೆಯೆಂದೂ ತಿಳಿಯುವುದಿಲ್ಲ. ಟಾವರ್ನಿಯೆ ಕಂಡ ವಜ್ರದ ವ್ಯಾಪಾರದಲ್ಲಿ ಬಟ್ಟೆಯ ಕೆಳಗೆ ಇದ್ದದ್ದು ಕೊಳ್ಳುವವನ ಮತ್ತು ಮಾರುವವನ ಕೈಗಳು. ಅಪ್ಪನ ವ್ಯಾಪಾರದಲ್ಲಿ ಆ ಎರಡು ಕೈಗಳು ಒಮ್ಮೆಯೂ ಕೂಡಲಿಲ್ಲ. ನಡುವಿನವನ ಕೈಯೇ ಎರಡೂ ಕಡೆ ಮಾತನಾಡಿತು. ದೋಷವಿದ್ದದ್ದು ಅಲ್ಲಿ.

ಅಪ್ಪನಿಗೆ ಇದು ನನಗಿಂತ ಮೊದಲೇ ತಿಳಿದಿತ್ತು. ನಮ್ಮ ಮನೆಯ ಹಳೆಯ ಎತ್ತಿಗೆ ವಯಸ್ಸಾಗಿ ಮತ್ತೊಂದನ್ನು ತರಬೇಕಾದಾಗ ಅವರು ಹುಡುಕಿಕೊಂಡು ಹೋದದ್ದು ಅದೇ ದಲ್ಲಾಳಿಯನ್ನು. ನನಗೆ ಸಿಟ್ಟು ಬಂದಿತ್ತು. ಅಪ್ಪ ಹಳೆಯ ಮಾತನ್ನು ಎತ್ತಲಿಲ್ಲ. ಎತ್ತು ಗೊತ್ತಾದ ಮೇಲೆ ಮಾತ್ರ, "ಯಜಮಾನ್ರೇ, ಎತ್ತು ನೀವು ತೋರ್ಸಿ, ಕೈ ನಾನು ಹಿಡೀತೀನಿ. ನಿಮಗೆ ಇಪ್ಪತ್ತೈದು ರೂಪಾಯಿ, ಎಲ್ರ ಎದುರಿಗೇ ಕೊಡ್ತೀನಿ" ಎಂದರು. ಆ ಮನುಷ್ಯ ಕ್ಷಣಕಾಲ ಅಪ್ಪನ ಮುಖ ನೋಡಿ, ತಮ್ಮ ಹೆಗಲಿನ ಟವೆಲ್ಲನ್ನೇ ತೆಗೆದು ಅಪ್ಪನ ಕೈಯ ಮೇಲೆ ಹಾಕಿದರು. ತಮಗೆ ಗೊತ್ತಾಗಿದೆಯೆಂದು ಅವರೂ ಹೇಳಲಿಲ್ಲ, ಅಪ್ಪನೂ ಕೇಳಲಿಲ್ಲ.

ನನ್ನ ವಿದ್ಯಾರ್ಥಿಗೆ ನಾನು ಹೇಳಿದ್ದೂ ಇಷ್ಟನ್ನೇ. ದಲ್ಲಾಳಿ ಬೇಡವೆನ್ನಬೇಡ, ಅವನಿಗೆ ಗೊತ್ತಿರುವುದು ನಿನಗೆ ಗೊತ್ತಿಲ್ಲ. ಆದರೆ ಅವನ ಕೂಲಿ ಯಾರು ಕೊಡುತ್ತಾರೆಂದು ಕೇಳು. ವಿಚಾರಿಸಿದಾಗ ತಿಳಿದದ್ದೇನೆಂದರೆ, ಅಲ್ಲಿ ದೋಣಿ ಮಾರಿಸಿಕೊಡುವ ದಲ್ಲಾಳಿಗೆ ಸಾಮಾನ್ಯವಾಗಿ ಬೆಲೆಯಲ್ಲಿ ನೂರಕ್ಕೆ ಹತ್ತರಂತೆ ಮಾರುವವನೇ ಕೊಡುತ್ತಾನೆ. ಹಾಗಾದರೆ ಅವನು ಎಷ್ಟೇ ಸಜ್ಜನನಾದರೂ ನಿನ್ನವನಲ್ಲ. ಆದ್ದರಿಂದ ನೀನೇ ಹಣ ಕೊಟ್ಟು ಬೇರೊಬ್ಬ ಪರೀಕ್ಷಕನನ್ನು ಗೊತ್ತುಮಾಡು. ದೋಣಿಯನ್ನು ನೀರಿನಿಂದ ಮೇಲೆತ್ತಿಸಿ ತಳ ನೋಡಿಸು, ಆಮೇಲೆ ಕಡಲಿನಲ್ಲಿ ಓಡಿಸಿ ನೋಡು. ಸಂಚಕಾರವನ್ನು ಕೊಡುವಾಗ, ಪರೀಕ್ಷೆಯಲ್ಲಿ ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸಬೇಕೆಂದು ಕಾಗದದ ಮೇಲೆ ಬರೆಸಿಕೊ. ಇನ್ನೊಬ್ಬರು ಕೇಳುತ್ತಿದ್ದಾರೆಂದರೆ ಕೇಳಲಿ.

ಹದಿನೈದು ದಿನಗಳ ಮೇಲೆ ಅವನು ಮತ್ತೆ ಕರೆ ಮಾಡಿದ. ಪರೀಕ್ಷಕ ಬಂದು, ಸಣ್ಣ ಸುತ್ತಿಗೆಯಿಂದ ದೋಣಿಯ ಮೈಯನ್ನೆಲ್ಲ ಬಡಿದು ಬಡಿದು ಸದ್ದು ಕೇಳಿದನಂತೆ. ಮೇಲ್ಹಾಸಿನ ಒಂದು ಕಡೆ ಸದ್ದು ಬೋದಾಗಿತ್ತು. ಒಳಗೆ ನೀರಿಳಿದು ಮರ ಕೊಳೆತಿತ್ತು. ಮೇಲೆ ಹೊಸ ಬಣ್ಣ. "ಸಾರ್, ಥೇಟ್ ನಿಮ್ಮ ಬಿಳೀ ಎತ್ತು" ಎಂದ. ಸಂಚಕಾರ ಹಿಂದಕ್ಕೆ ಬಂದಿದೆ. ಅದೇ ದಲ್ಲಾಳಿ ಈಗ ಬೇರೊಂದು ದೋಣಿ ತೋರಿಸುತ್ತಿದ್ದಾನಂತೆ. ಹೋಗು, ನೋಡು ಎಂದಿದ್ದೇನೆ.

ನಮ್ಮ ಊರುಗಳಲ್ಲಿ ಈಗ ಟ್ರಾಕ್ಟರು, ಟಿಲ್ಲರುಗಳ ಕಾಲ. ಜೋಡಿ ಎತ್ತು ಇರುವ ಮನೆಗಳನ್ನು ಬೆರಳಿನಲ್ಲಿ ಎಣಿಸಬಹುದು. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ರಾಜ್ಯದ ದನಗಳ ಜಾತ್ರೆಗಳನ್ನು ನಿಲ್ಲಿಸಬೇಕಾಯಿತು. ಮತ್ತೆ ಜಾತ್ರೆ ಕೂಡಿದಾಗ ಟವೆಲ್ಲು ಹೊದ್ದ ಕೈಗಳನ್ನು ಕಂಡು ನನಗೆ ಸಮಾಧಾನವಾಯಿತು. ನಿಮ್ಮಲ್ಲಿ ಯಾರಾದರೂ ಮುಂದೆ ಹಳೆಯ ಕಾರನ್ನೋ, ಮನೆಯನ್ನೋ, ಎತ್ತನ್ನೋ ಕೊಳ್ಳಲು ಹೊರಟರೆ ನನ್ನ ತಂದೆಯವರ ಮಾತನ್ನು ನೆನಪಿನಲ್ಲಿಡಿ. ಕಣ್ಣಿಗೆ ಕೂಲಿ ಕೊಡಿ. ಕ್ಷಮಿಸಿ, ಧಾರಾಳವಾಗಿಯೇ ಕೊಡಿ. ಕೈಯನ್ನು ಮಾತ್ರ ನೀವೇ ಹಿಡಿಯಿರಿ.